ಮತದ ಹಕ್ಕು, ಮತದ ತೂಕ

ಚುನಾವಣೆ ಹತ್ತಿರವಾದಂತೆ ಪತ್ರಿಕೆಗಳಲ್ಲಿ, ಬಾನುಲಿಯಲ್ಲಿ, ದೂರದರ್ಶನದ ವಾಹಿನಿಗಳಲ್ಲಿ ನಡೆಯುವ ಚರ್ಚೆಯ ಬಹುಪಾಲು ಗೆಲ್ಲುವವರು ಯಾರು ಎಂಬ ಒಂದೇ ಪ್ರಶ್ನೆಯ ಸುತ್ತ ತಿರುಗುತ್ತದೆ. ಯಾವ ಸಮುದಾಯದ ಮತ ಯಾವ ಕಡೆಗೆ ವಾಲಿತು, ಯಾವ ಮುಖಂಡನಿಗೆ ಟಿಕೆಟ್ ತಪ್ಪಿತು, ಬಂಡಾಯ ಅಭ್ಯರ್ಥಿ ಯಾರ ಮತಕ್ಕೆ ಕೈಹಾಕುತ್ತಾನೆ ಎಂಬ ಲೆಕ್ಕಾಚಾರವೆಲ್ಲ ಮತ ಎಣಿಕೆಯ ದಿನದ ಸಂಜೆಗೆ ಮುಗಿದುಹೋಗುತ್ತದೆ. ವಿದೇಶದ ಚುನಾವಣೆಗಳ ಚರ್ಚೆಯೂ ಇದಕ್ಕಿಂತ ಬೇರೆಯಾಗಿರುವುದಿಲ್ಲ. ಅಮೆರಿಕದ ಅಧ್ಯಕ್ಷ ಪದವಿಗೆ ಯಾರು ಬಂದರೆ ಭಾರತೀಯರ ವೀಸಾದ ಗತಿ ಏನಾದೀತು, ಬ್ರಿಟನ್ನಿನ ಸಂಸತ್ತಿಗೆ ಭಾರತೀಯ ಮೂಲದವರು ಎಷ್ಟು ಮಂದಿ ಆರಿಸಿಬಂದರು ಎಂಬಲ್ಲಿಗೆ ಅದು ನಿಂತುಬಿಡುತ್ತದೆ. ಫಲಿತಾಂಶದ ಕುತೂಹಲ ಸಹಜವಾದುದೇ. ಆದರೆ ಪ್ರಗತಿಪರ ಎಂದು ಕರೆಯಲಾಗುವ ದೃಷ್ಟಿ ತನ್ನ ವಿಚಾರವನ್ನು ಬೇರೊಂದು ಕಡೆಯಿಂದ ಆರಂಭಿಸಬೇಕಾಗುತ್ತದೆ. ಆ ದೃಷ್ಟಿ ಎಂದರೆ ಯಾವುದೋ ಒಂದು ಪಕ್ಷದ ಪರವಾದ ವಕಾಲತ್ತು ಅಲ್ಲ. ಆಸ್ತಿ, ಜಾತಿ, ಲಿಂಗ, ವರ್ಣ ಇವುಗಳಿಂದ ಸಮಾಜದಲ್ಲಿ ಹುಟ್ಟಿದ ಅಸಮಾನತೆ ಮತಗಟ್ಟೆಯ ಒಳಕ್ಕೂ ನುಸುಳುತ್ತಿದೆಯೇ ಎಂದು ಕೇಳುವ ಕ್ರಮವೇ ಅದು. ಹಾಗೆ ಕೇಳತೊಡಗಿದಾಗ ಅಭ್ಯರ್ಥಿಗಳಿಗಿಂತ ಮುಖ್ಯವಾಗಿ ಕಾಣುವುದು ನಿಯಮಗಳು: ಪಟ್ಟಿಯಲ್ಲಿ ಯಾರ ಹೆಸರಿದೆ, ಹಾಕಿದ ಮತಕ್ಕೆ ಎಷ್ಟು ತೂಕವಿದೆ, ಪ್ರಚಾರಕ್ಕೆ ಹಣ ಕೊಟ್ಟವರು ಯಾರು ಎಂಬುದನ್ನು ತೀರ್ಮಾನಿಸುವ ನಿಯಮಗಳು.

ಈ ಬಗೆಯ ಚರ್ಚೆಗೆ ಹಳೆಯ ವಂಶಾವಳಿಯೇ ಇದೆ. ಬ್ರಿಟನ್ನಿನಲ್ಲಿ 1832ರ ಸುಧಾರಣಾ ಕಾಯಿದೆ ಮಧ್ಯಮವರ್ಗದ ಆಸ್ತಿವಂತ ಗಂಡಸರಿಗೆ ಮತ ಕೊಟ್ಟು, ಆ ಕಾಯಿದೆಗಾಗಿ ಬೀದಿಗಿಳಿದಿದ್ದ ಕಾರ್ಮಿಕರನ್ನು ಹೊರಗೇ ಉಳಿಸಿತು. ಆ ನಿರಾಸೆಯಿಂದ ಹುಟ್ಟಿದ ಚಾರ್ಟಿಸ್ಟ್ ಚಳವಳಿ 1838ರಲ್ಲಿ ಆರು ಬೇಡಿಕೆಗಳ ಸನ್ನದನ್ನು ಮುಂದಿಟ್ಟಿತು. ವಯಸ್ಕ ಗಂಡಸರೆಲ್ಲರಿಗೆ ಮತ, ಗುಪ್ತ ಮತದಾನ, ಸಂಸತ್ ಸದಸ್ಯರಾಗಲು ಆಸ್ತಿಯ ಅರ್ಹತೆ ಬೇಡವೆಂಬುದು, ಸದಸ್ಯರಿಗೆ ಸಂಬಳ, ಸಮಾನ ಜನಸಂಖ್ಯೆಯ ಕ್ಷೇತ್ರಗಳು, ವರ್ಷಕ್ಕೊಮ್ಮೆ ಚುನಾವಣೆ, ಇವೇ ಆ ಆರು. ಇವುಗಳಲ್ಲಿ ಒಂದೂ ವ್ಯಕ್ತಿಯನ್ನು ಕುರಿತದ್ದಲ್ಲ, ಎಲ್ಲವೂ ನಿಯಮವನ್ನು ಕುರಿತವು ಎಂಬುದು ಗಮನಿಸತಕ್ಕದ್ದು. ಸಂಬಳದ ಬೇಡಿಕೆ ಮೇಲುನೋಟಕ್ಕೆ ಸಣ್ಣದೆನಿಸಿದರೂ ಅದರ ಹಿಂದೆ ಖಚಿತವಾದ ತಿಳಿವಳಿಕೆಯಿತ್ತು. ಸಂಸತ್ತಿನಲ್ಲಿ ಕೂರುವ ದಿನಗಳಲ್ಲಿ ಕೂಲಿ ಕಳೆದುಕೊಳ್ಳುವ ನೇಕಾರನಿಗೆ ಸ್ಪರ್ಧಿಸುವ ಹಕ್ಕು ಇದ್ದೂ ಇಲ್ಲದಂತೆ. ಲಕ್ಷಾಂತರ ಸಹಿಗಳ ಮನವಿಗಳನ್ನು ಸಂಸತ್ತು 1839ರಲ್ಲಿಯೂ 1842ರಲ್ಲಿಯೂ ತಳ್ಳಿಹಾಕಿತು, 1848ರ ಮೂರನೆಯ ಮನವಿಗೂ ಬೇರೆ ಗತಿ ಒದಗಲಿಲ್ಲ, ಮುಖಂಡರು ಸೆರೆಮನೆ ಸೇರಿದರು, ಚಳವಳಿ ಕರಗಿಹೋಯಿತು. ಆದರೂ 1858ರಲ್ಲಿ ಆಸ್ತಿಯ ಅರ್ಹತೆ ರದ್ದಾಯಿತು, 1872ರಲ್ಲಿ ಗುಪ್ತ ಮತದಾನ ಬಂತು, 1911ರಲ್ಲಿ ಸದಸ್ಯರಿಗೆ ಸಂಬಳ ನಿಗದಿಯಾಯಿತು, 1918ರಲ್ಲಿ ವಯಸ್ಕ ಗಂಡಸರೆಲ್ಲರಿಗೆ ಮತ ದೊರೆಯಿತು. ವಾರ್ಷಿಕ ಚುನಾವಣೆಯೊಂದನ್ನು ಬಿಟ್ಟರೆ ಸೋತ ಚಳವಳಿಯ ಪಟ್ಟಿಯೇ ಗೆದ್ದ ರಾಷ್ಟ್ರದ ಕಾನೂನಾಯಿತು ಎನ್ನಬಹುದು, ಅದಕ್ಕೆ ಮುಕ್ಕಾಲು ಶತಮಾನ ಹಿಡಿಯಿತು ಅಷ್ಟೆ. ಹೆಂಗಸರನ್ನು ಮಾತ್ರ ಸನ್ನದು ಮರೆತಿತ್ತು. ಅವರಿಗೆ ಗಂಡಸರೊಡನೆ ಸಮಾನವಾದ ಹಕ್ಕು ಬ್ರಿಟನ್ನಿನಲ್ಲಿ ಸಿಕ್ಕಿದ್ದು 1928ರಲ್ಲಿ; ಕೇಟ್ ಶೆಪರ್ಡ್ ಮುಂತಾದವರ ಸಹಿ ಸಂಗ್ರಹದ ಫಲವಾಗಿ ನ್ಯೂಜಿಲೆಂಡಿನಲ್ಲಿ ಅದು 1893ರಲ್ಲಿಯೇ ಬಂದಿತ್ತು; ಪ್ರಜಾಪ್ರಭುತ್ವದ ಮಾದರಿಯೆಂದು ಹೊಗಳಿಸಿಕೊಳ್ಳುವ ಸ್ವಿಟ್ಜರ್ಲೆಂಡಿನಲ್ಲಿ ರಾಷ್ಟ್ರಮಟ್ಟದ ಮತದಾನಕ್ಕೆ ಹೆಂಗಸರು 1971ರವರೆಗೆ ಕಾಯಬೇಕಾಯಿತು.

ಭಾರತದ ದಾರಿ ಇದಕ್ಕಿಂತ ಭಿನ್ನವಾದುದು. ಮೈಸೂರು ಸಂಸ್ಥಾನದಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, 1881ರ ದಸರೆಯ ಹೊತ್ತಿಗೆ, ಪ್ರಜಾಪ್ರತಿನಿಧಿ ಸಭೆ ಮೊದಲ ಬಾರಿಗೆ ಸೇರಿದಾಗ ಅಲ್ಲಿಗೆ ಬಂದವರು ಜಿಲ್ಲೆಗಳಿಂದ ಆಯ್ದ ಅನುಕೂಲಸ್ಥ ರೈತರು ಮತ್ತು ವರ್ತಕರು. ಅವರಿಗೆ ಅಹವಾಲು ಹೇಳಿಕೊಳ್ಳುವ ಅವಕಾಶವಿತ್ತೇ ಹೊರತು ಕಾನೂನು ಮಾಡುವ ಅಧಿಕಾರವಿರಲಿಲ್ಲ. ಮುಂದೆ ಚುನಾವಣೆ ಬಂದಾಗಲೂ ಅದು ಆಸ್ತಿ ಮತ್ತು ವಿದ್ಯೆಯ ಅರ್ಹತೆಗೆ ಕಟ್ಟುಬಿದ್ದಿತ್ತು. ಬ್ರಿಟಿಷ್ ಪ್ರಾಂತಗಳಲ್ಲಿ 1935ರ ಭಾರತ ಸರ್ಕಾರ ಕಾಯಿದೆ ಮತದಾರರ ಸಂಖ್ಯೆಯನ್ನು ಗಣನೀಯವಾಗಿ ಹಿಗ್ಗಿಸಿದರೂ ಅದು ಜನಸಂಖ್ಯೆಯ ಆರನೆಯ ಒಂದು ಪಾಲನ್ನೂ ಮುಟ್ಟಲಿಲ್ಲ. ಡಾ. ಬಿ. ಆರ್. ಅಂಬೇಡ್ಕರ್ ಅವರು 1928ರಲ್ಲಿ ಸೈಮನ್ ಆಯೋಗದ ಮುಂದೆ ವಯಸ್ಕರೆಲ್ಲರಿಗೂ ಮತ ಬೇಕೆಂದು ವಾದಿಸಿದಾಗ, ಅಕ್ಷರ ಬಾರದವರು ಮತವನ್ನು ಹೇಗೆ ಬಳಸಿಯಾರು ಎಂಬ ಆಕ್ಷೇಪ ಎಲ್ಲ ಕಡೆಯೂ ಪ್ರಬಲವಾಗಿತ್ತು. ಮತವೆಂಬುದು ವಿದ್ಯೆ ಪಡೆದವರಿಗೆ ಕೊಡುವ ಬಹುಮಾನವಲ್ಲ, ದಮನಕ್ಕೆ ಒಳಗಾದವರು ತಮ್ಮನ್ನು ತಾವು ಕಾಪಾಡಿಕೊಳ್ಳಲು ಬೇಕಾದ ಸಾಧನ ಎಂಬುದು ಅವರ ನಿಲುವಿನ ತಿರುಳು. ಕೊನೆಗೆ ಸೀಮಿತ ಮತಾಧಿಕಾರದ ಪ್ರಾಂತೀಯ ಶಾಸನಸಭೆಗಳಿಂದ ಆರಿಸಿಬಂದ ಸಂವಿಧಾನ ಸಭೆಯೇ, ತನ್ನನ್ನು ಆರಿಸಿದ ನಿಯಮವನ್ನು ಬದಿಗೊತ್ತಿ, 326ನೆಯ ವಿಧಿಯ ಮೂಲಕ ವಯಸ್ಕ ಪ್ರಜೆಗಳೆಲ್ಲರಿಗೂ ಮತ ನೀಡಿತು. ಆಗ ಇದ್ದ 21 ವರ್ಷದ ಮಿತಿ 61ನೆಯ ತಿದ್ದುಪಡಿಯಿಂದ 1989ರಲ್ಲಿ 18ಕ್ಕೆ ಇಳಿಯಿತು.

ಹಕ್ಕು ಸಂವಿಧಾನದ ಪುಟದ ಮೇಲೆ ಇದ್ದರೆ ಸಾಲದು, ಅದು ಮತದಾರರ ಪಟ್ಟಿಯ ಪುಟಕ್ಕೆ ಇಳಿದುಬರಬೇಕು. ಈ ಎರಡನೆಯ ಕೆಲಸದ ಕಥೆ ಪಠ್ಯಪುಸ್ತಕಗಳಲ್ಲಿ ಅಷ್ಟಾಗಿ ಬರುವುದಿಲ್ಲ. ಸಂವಿಧಾನ ಇನ್ನೂ ಅಂಗೀಕಾರವಾಗದ ಕಾಲದಲ್ಲಿಯೇ, ಬಿ. ಎನ್. ರಾವ್ ಅವರು ಸಲಹೆಗಾರರಾಗಿದ್ದ ಸಂವಿಧಾನ ಸಭೆಯ ಕಾರ್ಯಾಲಯವು 1947ರ ಕೊನೆಯಿಂದ ವಯಸ್ಕ ಮತಾಧಿಕಾರದ ಪಟ್ಟಿಯ ಸಿದ್ಧತೆ ಆರಂಭಿಸಿತು. ಗ್ರಾಮದ ಅಧಿಕಾರಿಗಳು, ಗಣತಿದಾರರು ಮನೆಮನೆಗೆ ಹೋಗಿ ಹೆಸರು ಬರೆದುಕೊಂಡರು. ದೇಶವಿಭಜನೆಯಿಂದ ಮನೆಮಠ ಕಳೆದುಕೊಂಡು ಬಂದ ನಿರಾಶ್ರಿತರ ಬಳಿ ಇಂಥ ಕಡೆ ಇಷ್ಟು ದಿನದಿಂದ ವಾಸವಾಗಿದ್ದೇವೆಂದು ತೋರಿಸುವ ಯಾವ ಪುರಾವೆಯೂ ಇರಲಿಲ್ಲ. ತಾವು ಅಲ್ಲಿಯೇ ಕಾಯಂ ಆಗಿ ನೆಲೆಸುವ ಉದ್ದೇಶವಿದೆಯೆಂಬ ಘೋಷಣೆಯನ್ನೇ ಆಧಾರವಾಗಿಟ್ಟುಕೊಂಡು ಅವರ ಹೆಸರು ಸೇರಿಸಲು ಕಾರ್ಯಾಲಯ ಸೂಚನೆ ಕೊಟ್ಟಿತು. ಇತಿಹಾಸಕಾರ್ತಿ ಆರ್ನಿಟ್ ಶಾನಿ ಅವರು ಕಡತಗಳನ್ನು ಶೋಧಿಸಿ ಈ ಪ್ರಸಂಗವನ್ನು ವಿಸ್ತಾರವಾಗಿ ನಿರೂಪಿಸಿದ್ದಾರೆ. ಇಲ್ಲಿ ಅಡಗಿರುವ ತತ್ತ್ವ ಸರಳ: ಪಟ್ಟಿಗೆ ಹೆಸರು ಸೇರಿಸುವ ಹೊಣೆ ಸರ್ಕಾರದ್ದು, ಪ್ರಜೆಯದಲ್ಲ. ಹೀಗೆ ಸಿದ್ಧವಾದ ಪಟ್ಟಿಯಲ್ಲಿ 1951ರ ಅಕ್ಟೋಬರಿನಿಂದ 1952ರ ಫೆಬ್ರವರಿಯವರೆಗೆ ನಡೆದ ಮೊದಲ ಮಹಾಚುನಾವಣೆಯ ಹೊತ್ತಿಗೆ 17 ಕೋಟಿಗೂ ಮೀರಿದ ಹೆಸರುಗಳಿದ್ದವು, ಆಗಿನ ಸಾಕ್ಷರತೆ ಶೇ 18ರ ಆಸುಪಾಸಿನಲ್ಲಿತ್ತು, ಓದಲು ಬಾರದ ಮತದಾರರಿಗಾಗಿ ಪ್ರತಿಯೊಬ್ಬ ಅಭ್ಯರ್ಥಿಗೂ ಚಿಹ್ನೆ ಅಂಟಿಸಿದ ಬೇರೆ ಬೇರೆ ಪೆಟ್ಟಿಗೆ ಇಡಲಾಯಿತು. ಹಾಗೆಂದು ಆ ಪಟ್ಟಿ ನಿರ್ದೋಷವಾಗಿತ್ತೆಂದು ಹೇಳಲಾಗದು. ಉತ್ತರದ ಹಲವು ಪ್ರಾಂತಗಳಲ್ಲಿ ಹೆಂಗಸರು ಪರಪುರುಷನಾದ ಗಣತಿದಾರನಿಗೆ ತಮ್ಮ ಹೆಸರು ಹೇಳದೆ ಇಂಥವರ ಹೆಂಡತಿ, ಇಂಥವರ ಮಗಳು ಎಂದಷ್ಟೇ ಬರೆಸಿದ್ದರು. ಮೊದಲ ಮುಖ್ಯ ಚುನಾವಣಾ ಆಯುಕ್ತರಾದ ಸುಕುಮಾರ್ ಸೇನ್ ಸ್ವಂತ ಹೆಸರಿಲ್ಲದ ನಮೂದುಗಳು ಸಲ್ಲವೆಂದರು, ಸುಮಾರು 28 ಲಕ್ಷ ಹೆಂಗಸರು ಪಟ್ಟಿಯಿಂದ ಹೊರಗುಳಿದರು. ಆ ಕಠಿಣ ನಿರ್ಧಾರವನ್ನು ಸಮರ್ಥಿಸುವವರೂ ಇದ್ದಾರೆ, ಮುಂದಿನ ಚುನಾವಣೆಯ ಹೊತ್ತಿಗೆ ಹೆಂಗಸರ ಸ್ವಂತ ಹೆಸರುಗಳು ಪಟ್ಟಿಗೆ ಬಂದದ್ದು ಅದರಿಂದಲೇ ಎಂಬುದು ಅವರ ವಾದ. ಆದರೆ ಕಾಗದಪತ್ರದ ಒಂದು ಸಣ್ಣ ಕಟ್ಟಳೆ ಯಾರನ್ನು ಮೊದಲು ಹೊರದಬ್ಬುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಹೊಣೆಯನ್ನು ಪ್ರಜೆಯ ಹೆಗಲಿಗೆ ಹೊರಿಸಿದರೆ ಏನಾಗುತ್ತದೆ ಎಂಬುದನ್ನು ಅಮೆರಿಕ ಸಂಯುಕ್ತ ಸಂಸ್ಥಾನದ ಇತಿಹಾಸ ತೋರಿಸುತ್ತದೆ. ಅಲ್ಲಿ 1870ರ 15ನೆಯ ತಿದ್ದುಪಡಿ ವರ್ಣದ ಕಾರಣಕ್ಕೆ ಯಾರ ಮತವನ್ನೂ ನಿರಾಕರಿಸಕೂಡದು ಎಂದಿತು. ದಕ್ಷಿಣದ ರಾಜ್ಯಗಳು ವರ್ಣದ ಮಾತನ್ನೇ ಎತ್ತದೆ ಕರಿಯರನ್ನು ಹೊರಗಿಡುವ ದಾರಿ ಕಂಡುಕೊಂಡವು: ನೋಂದಣಿಗೆ ಮೊದಲು ಸಾಕ್ಷರತೆಯ ಪರೀಕ್ಷೆ, ಮತ ಹಾಕಲು ತೆರಿಗೆ, ಅಜ್ಜನಿಗೆ ಮತವಿದ್ದವರಿಗೆ ಮಾತ್ರ ಈ ಎರಡರಿಂದಲೂ ವಿನಾಯಿತಿ. ಬರಹದಲ್ಲಿ ಎಲ್ಲರಿಗೂ ಅನ್ವಯಿಸುವ ನಿಯಮ ಬಳಕೆಯಲ್ಲಿ ಕೆಲವರಿಗಷ್ಟೇ ಅನ್ವಯಿಸುವ ಈ ಚಮತ್ಕಾರದ ಫಲವಾಗಿ ಮಿಸಿಸಿಪಿ ರಾಜ್ಯದಲ್ಲಿ 1965ಕ್ಕೆ ಮೊದಲು ನೂರು ಮಂದಿ ಕರಿಯ ವಯಸ್ಕರಲ್ಲಿ ಏಳು ಮಂದಿಯೂ ನೋಂದಾಯಿತ ಮತದಾರರಾಗಿರಲಿಲ್ಲ. ಆ ವರ್ಷದ ಮಾರ್ಚಿಯಲ್ಲಿ ಅಲಬಾಮಾದ ಸೆಲ್ಮಾ ಪಟ್ಟಣದಲ್ಲಿ ಮತದ ಹಕ್ಕಿಗಾಗಿ ಹೊರಟ ಮೆರವಣಿಗೆಯ ಮೇಲೆ ಪೊಲೀಸರು ನಡೆಸಿದ ಹಲ್ಲೆ ದೇಶವನ್ನು ಕಲಕಿತು, ಆಗಸ್ಟಿನಲ್ಲಿ ಮತದಾನದ ಹಕ್ಕಿನ ಕಾಯಿದೆ ಬಂತು, ಎರಡು ವರ್ಷಗಳಲ್ಲಿ ಮಿಸಿಸಿಪಿಯ ಆ ಪ್ರಮಾಣ ನೂರಕ್ಕೆ ಅರುವತ್ತರ ಹತ್ತಿರ ಬಂತು. ಜನರು ಅವರೇ, ಅವರ ವಿದ್ಯೆಯೂ ಅಷ್ಟೇ, ಬದಲಾದದ್ದು ನಿಯಮ ಮಾತ್ರ. ಆ ಕಾಯಿದೆಯ ಜೀವಾಳವೆಂದರೆ ಪೂರ್ವಾನುಮತಿಯ ವಿಧಿ. ವರ್ಣಭೇದದ ಚರಿತ್ರೆಯುಳ್ಳ ರಾಜ್ಯಗಳು ಚುನಾವಣೆಯ ಯಾವ ನಿಯಮವನ್ನು ಬದಲಿಸುವುದಿದ್ದರೂ ಮೊದಲು ಒಕ್ಕೂಟ ಸರ್ಕಾರದ ಇಲ್ಲವೆ ನ್ಯಾಯಾಲಯದ ಒಪ್ಪಿಗೆ ಪಡೆಯಬೇಕಿತ್ತು. ಯಾವ ರಾಜ್ಯಗಳಿಗೆ ಇದು ಅನ್ವಯಿಸಬೇಕೆಂಬ ಸೂತ್ರ ಹಳತಾಯಿತೆಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯ 2013ರಲ್ಲಿ ಐವರು ನಾಲ್ವರ ಅಂತರದಿಂದ ಅದನ್ನು ರದ್ದುಮಾಡಿತು. ಅದೇ ದಿನ ಟೆಕ್ಸಾಸ್ ರಾಜ್ಯ ತಾನು ಜಾರಿಗೆ ತರಲಾಗದೆ ಇಟ್ಟುಕೊಂಡಿದ್ದ ಗುರುತಿನ ಚೀಟಿಯ ಕಟ್ಟುನಿಟ್ಟಾದ ಕಾನೂನನ್ನು ಇನ್ನು ಜಾರಿಮಾಡುವುದಾಗಿ ಪ್ರಕಟಿಸಿತು.

ಈ ಹಿನ್ನೆಲೆಯಲ್ಲಿ ನೋಡಿದಾಗ 2025ರಲ್ಲಿ ಬಿಹಾರದ ಮತದಾರರ ಪಟ್ಟಿಯ ವಿಶೇಷ ತೀವ್ರ ಪರಿಷ್ಕರಣೆಯನ್ನು ಕುರಿತು ಎದ್ದ ವಿವಾದದ ಸ್ವರೂಪ ಸ್ಪಷ್ಟವಾಗುತ್ತದೆ. ಸತ್ತವರ, ಊರು ಬಿಟ್ಟವರ, ಎರಡೆರಡು ಕಡೆ ಇರುವವರ ಹೆಸರು ತೆಗೆಯದಿದ್ದರೆ ಪಟ್ಟಿ ಶುದ್ಧವಾಗಿರದು ಎಂಬ ಚುನಾವಣಾ ಆಯೋಗದ ಮಾತನ್ನು ತಳ್ಳಿಹಾಕುವಂತಿಲ್ಲ. ಕಳ್ಳಮತದಿಂದ ಮೊದಲು ಕೆಡುವುದೂ ಬಡವರ ಮತವೇ. ಪ್ರಶ್ನೆ ಇದ್ದದ್ದು ವಿಧಾನದಲ್ಲಿ. 2003ರ ಪಟ್ಟಿಯಲ್ಲಿ ಹೆಸರಿಲ್ಲದವರು ಹುಟ್ಟಿನ ದಾಖಲೆಗಳನ್ನು ಕೆಲವೇ ವಾರಗಳಲ್ಲಿ ಒದಗಿಸಬೇಕೆಂಬ ಕಟ್ಟಳೆ, ದುಡಿಮೆಗಾಗಿ ಪಂಜಾಬಿಗೋ ಬೆಂಗಳೂರಿಗೋ ವಲಸೆ ಹೋದವರ ರಾಜ್ಯದಲ್ಲಿ, ಮಳೆಗಾಲದ ನಡುವೆ ಬಂದಿತು. ಆಗಸ್ಟಿನ ಕರಡು ಪಟ್ಟಿಯಿಂದ ಸುಮಾರು 65 ಲಕ್ಷ ಹೆಸರುಗಳು ಬಿಟ್ಟುಹೋದಾಗ, ಬಿಟ್ಟವರ ಹೆಸರನ್ನೂ ಕಾರಣವನ್ನೂ ಪ್ರಕಟಿಸುವಂತೆ ಸರ್ವೋಚ್ಚ ನ್ಯಾಯಾಲಯ ನಿರ್ದೇಶನ ಕೊಡಬೇಕಾಯಿತು. ನಿರಾಶ್ರಿತನ ಘೋಷಣೆಯನ್ನು ನಂಬಿದ 1948ರ ಆಡಳಿತ ಮತ್ತು ಹಳೆಯ ಮತದಾರನಿಂದಲೇ ಹೊಸದಾಗಿ ಪುರಾವೆ ಕೇಳುವ 2025ರ ಆಡಳಿತ, ಇವೆರಡರ ನಡುವಣ ದೂರವನ್ನು ಅಳೆಯುವುದು ಯಾವ ಪಕ್ಷ ಗೆದ್ದಿತೆಂದು ಎಣಿಸುವುದಕ್ಕಿಂತ ಹೆಚ್ಚು ಉಪಯುಕ್ತವಾದ ಚರ್ಚೆಯಾಗುತ್ತಿತ್ತು.

ಪಟ್ಟಿಯಲ್ಲಿ ಹೆಸರಿದ್ದೂ ಮತ ಹಾಕಲಾಗದ ಒಂದು ವರ್ಗದ ವಿಚಾರ ಈ ಚರ್ಚೆಗಳಲ್ಲಿ ಬರುವುದೇ ಅಪರೂಪ. 1951ರ ಪ್ರಜಾಪ್ರಾತಿನಿಧ್ಯ ಕಾಯಿದೆಯ 62ನೆಯ ಕಲಮಿನ ಪ್ರಕಾರ ಸೆರೆಮನೆಯಲ್ಲಿರುವವರು ಮತ ಹಾಕುವಂತಿಲ್ಲ. ಮುಂಜಾಗ್ರತೆಯ ಬಂಧನದಲ್ಲಿ ಇರುವವರಿಗೆ ವಿನಾಯಿತಿ ಉಂಟು, ವಿಚಾರಣಾಧೀನ ಕೈದಿಗಳಿಗೆ, ಎಂದರೆ ಅಪರಾಧ ಇನ್ನೂ ಸಾಬೀತಾಗದೆ ಒಳಗಿರುವವರಿಗೆ, ಅದು ಇಲ್ಲ. ಭಾರತದ ಕಾರಾಗೃಹಗಳಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಪಾಲು ಇಂಥವರೇ, ಅವರಲ್ಲಿ ಬಹಳ ಮಂದಿ ಜಾಮೀನಿಗೆ ಹಣವಿಲ್ಲದವರು; ಅದೇ ಆಪಾದನೆ ಹೊತ್ತು ಜಾಮೀನು ಪಡೆದ ಸಿರಿವಂತ ಹೊರಗೆ ಬಂದು ಮತ ಹಾಕುತ್ತಾನೆ. 2013ರಲ್ಲಿ ಸಂಸತ್ತು ಕಾಯಿದೆ ತಿದ್ದಿ ಸೆರೆಯಲ್ಲಿದ್ದವರೂ ಚುನಾವಣೆಗೆ ನಿಲ್ಲಬಹುದೆಂದಿತು. ನಿಂತು ಗೆಲ್ಲಬಹುದು, ತನಗೆ ತಾನೇ ಒಂದು ಮತ ಹಾಕಿಕೊಳ್ಳುವಂತಿಲ್ಲ! ದಕ್ಷಿಣ ಆಫ್ರಿಕದ ಸಂವಿಧಾನ ನ್ಯಾಯಾಲಯ 1999ರಲ್ಲಿಯೂ ಕೆನಡಾದ ಸರ್ವೋಚ್ಚ ನ್ಯಾಯಾಲಯ 2002ರಲ್ಲಿಯೂ ಕೈದಿಗಳ ಮತದ ಹಕ್ಕನ್ನು ಎತ್ತಿಹಿಡಿದಿವೆ.

ಹಕ್ಕಿನಿಂದ ತೂಕದ ಕಡೆಗೆ ಬರುವಾಗ ಮಲೆನಾಡಿನ ಒಂದು ಹೋರಾಟ ನೆನಪಾಗುವುದು ಸಹಜ. 1951ರಲ್ಲಿ ಸಾಗರ ಸೀಮೆಯ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದಾಗ ಗೇಣಿ ಎಷ್ಟು ಕೊಳಗ ಎಂಬುದರಷ್ಟೇ ತೀವ್ರವಾಗಿ ಎದ್ದ ಪ್ರಶ್ನೆ ಅಳೆಯುವ ಕೊಳಗ ಎಷ್ಟು ದೊಡ್ಡದು ಎಂಬುದಾಗಿತ್ತು. ಮತ ಎಣಿಕೆಯ ವಿಚಾರವೂ ಹಾಗೆಯೇ. ಬಿದ್ದ ಮತಗಳನ್ನು ಸ್ಥಾನಗಳಾಗಿ ಅಳೆದುಕೊಡುವ ಕೊಳಗ ಯಾವುದು ಎಂದು ಯಾರೂ ಕೇಳುವುದಿಲ್ಲ. ಭಾರತ, ಬ್ರಿಟನ್, ಕೆನಡಾಗಳಲ್ಲಿ ಬಳಕೆಯಲ್ಲಿರುವುದು ಸರಳ ಬಹುಮತದ ಪದ್ಧತಿ: ಒಂದು ಕ್ಷೇತ್ರದಲ್ಲಿ ಉಳಿದೆಲ್ಲರಿಗಿಂತ ಒಂದು ಮತ ಹೆಚ್ಚು ಪಡೆದವರು ಗೆದ್ದರು, ಅರ್ಧಕ್ಕಿಂತ ಹೆಚ್ಚು ಮತ ಬೇಕೆಂದಿಲ್ಲ. ಸೋತವರಿಗೆ ಬಿದ್ದ ಮತಗಳಿಗೆ ಸದನದಲ್ಲಿ ಯಾವ ರೂಪವೂ ಇಲ್ಲ. 1951–52ರಲ್ಲಿ ಕಾಂಗ್ರೆಸ್ ಶೇ 45ರಷ್ಟು ಮತಕ್ಕೆ 489ರಲ್ಲಿ 364 ಸ್ಥಾನ ಪಡೆಯಿತು. 2014ರಲ್ಲಿ ಭಾರತೀಯ ಜನತಾ ಪಕ್ಷ ಶೇ 31ರಷ್ಟು ಮತಕ್ಕೆ 282 ಸ್ಥಾನಗಳೊಂದಿಗೆ ಸ್ವಂತ ಬಹುಮತ ಗಳಿಸಿತು. ಬ್ರಿಟನ್ನಿನಲ್ಲಿ 2024ರಲ್ಲಿ ಲೇಬರ್ ಪಕ್ಷ ಶೇ 34ಕ್ಕಿಂತ ಕಡಿಮೆ ಮತಕ್ಕೆ 650ರಲ್ಲಿ 411 ಸ್ಥಾನ ಗೆದ್ದರೆ, ಶೇ 14 ಮೀರಿದ ಮತ ಪಡೆದ ರಿಫಾರ್ಮ್ ಪಕ್ಷಕ್ಕೆ ಐದು, ಶೇ 12ರಷ್ಟು ಪಡೆದ ಲಿಬರಲ್ ಡೆಮಾಕ್ರಾಟರಿಗೆ 72 ಸ್ಥಾನ ಸಿಕ್ಕಿತು. ಈ ಕೊಳಗ ಎಡಬಲ ನೋಡುವುದಿಲ್ಲ, ಇಂದು ಒಬ್ಬರಿಗೆ ತುಂಬಿ ಕೊಟ್ಟದ್ದನ್ನು ನಾಳೆ ಇನ್ನೊಬ್ಬರಿಗೆ ಕೊಡುತ್ತದೆ. ಆದ್ದರಿಂದ ಇದನ್ನು ಟೀಕಿಸುವ ಪ್ರಗತಿಪರರು ತಮಗೆ ಒಲ್ಲದ ಪಕ್ಷಕ್ಕೆ ಅನ್ಯಾಯವಾದಾಗಲೂ ಟೀಕಿಸಬೇಕಾಗುತ್ತದೆ. ಅಂಥ ಪ್ರಾಮಾಣಿಕತೆ ಎಲ್ಲ ದೇಶಗಳಲ್ಲಿಯೂ ವಿರಳ.

ಇದಕ್ಕಿಂತ ವಿಚಿತ್ರವಾದದ್ದೂ ಆಗಬಹುದು: ಹೆಚ್ಚು ಮತ ಪಡೆದ ಪಕ್ಷಕ್ಕೇ ಕಡಿಮೆ ಸ್ಥಾನ ಬರಬಹುದು. ಕರ್ನಾಟಕದಲ್ಲಿ ಇದು ಒಂದು ದಶಕದ ಅಂತರದಲ್ಲಿ ಎರಡು ಸಲ ಆಯಿತು. 2008ರಲ್ಲಿ ಕಾಂಗ್ರೆಸ್ಸಿಗೆ ಶೇ 35ರ ಹತ್ತಿರ ಮತ ಬಂದು 80 ಸ್ಥಾನ, ಭಾರತೀಯ ಜನತಾ ಪಕ್ಷಕ್ಕೆ ಶೇ 34ರ ಹತ್ತಿರ ಮತ ಬಂದು 110 ಸ್ಥಾನ. 2018ರ ಮೇ ತಿಂಗಳಲ್ಲಿ ಕಾಂಗ್ರೆಸ್ಸಿಗೆ ಶೇ 38ರಷ್ಟು ಮತ, 78 ಸ್ಥಾನ, ಭಾರತೀಯ ಜನತಾ ಪಕ್ಷಕ್ಕೆ ಶೇ 36ರಷ್ಟು ಮತ, 104 ಸ್ಥಾನ. ಆ ಎರಡು ಸಂದರ್ಭಗಳಲ್ಲಿಯೂ ರಾಜ್ಯದಲ್ಲಿ ನಡೆದ ಚರ್ಚೆ ಶಾಸಕರ ರಾಜೀನಾಮೆ, ಉಪಚುನಾವಣೆ, ರೆಸಾರ್ಟ್ ವಾಸ, ಪಕ್ಷಾಂತರ ಇವುಗಳಲ್ಲಿ ಮುಳುಗಿಹೋಯಿತು. ನ್ಯೂಜಿಲೆಂಡಿನಲ್ಲಿಯೂ ಇಂಥದೇ ಪ್ರಸಂಗ ಬೆನ್ನುಬೆನ್ನಿಗೆ ಬಂದಿತ್ತು. 1978ರಲ್ಲಿ ಮತ್ತು 1981ರಲ್ಲಿ ಲೇಬರ್ ಪಕ್ಷ ಹೆಚ್ಚು ಮತ ಗಳಿಸಿತು, ನ್ಯಾಷನಲ್ ಪಕ್ಷ ಹೆಚ್ಚು ಸ್ಥಾನ ಗಳಿಸಿ ಸರ್ಕಾರ ನಡೆಸಿತು. 1981ರಲ್ಲಿ ಶೇ 20 ದಾಟಿದ ಮತ ಪಡೆದ ಸೋಷಿಯಲ್ ಕ್ರೆಡಿಟ್ ಎಂಬ ಮೂರನೆಯ ಪಕ್ಷಕ್ಕೆ ದಕ್ಕಿದ್ದು ಎರಡೇ ಸ್ಥಾನ. ಅಲ್ಲಿನ ಚರ್ಚೆ ಮಾತ್ರ ಬೇರೆ ದಾರಿ ಹಿಡಿಯಿತು. ಸರ್ಕಾರ ನೇಮಿಸಿದ ರಾಯಲ್ ಆಯೋಗ 1986ರಲ್ಲಿ ಮಿಶ್ರ ಪ್ರಮಾಣಾನುಗುಣ ಪದ್ಧತಿಯನ್ನು ಶಿಫಾರಸು ಮಾಡಿತು. ಈ ಪದ್ಧತಿಯಲ್ಲಿ ಮತದಾರರಿಗೆ ಎರಡು ಮತ, ಒಂದು ಕ್ಷೇತ್ರದ ಅಭ್ಯರ್ಥಿಗೆ, ಇನ್ನೊಂದು ಪಕ್ಷಕ್ಕೆ. ಪಕ್ಷಕ್ಕೆ ಬಿದ್ದ ಮತದ ಪ್ರಮಾಣಕ್ಕೆ ಸದನದಲ್ಲಿ ಅದರ ಒಟ್ಟು ಬಲ ಸರಿಹೊಂದುವಂತೆ ಪಟ್ಟಿಯಿಂದ ಸದಸ್ಯರನ್ನು ತುಂಬಲಾಗುತ್ತದೆ. ದೊಡ್ಡ ಪಕ್ಷಗಳೆರಡಕ್ಕೂ ಇದು ರುಚಿಸಲಿಲ್ಲ, ಆದರೂ 1992ರಲ್ಲಿ ಒಮ್ಮೆ, 1993ರಲ್ಲಿ ಇನ್ನೊಮ್ಮೆ ಜನಮತಗಣನೆ ನಡೆದು ಜನರೇ ಬದಲಾವಣೆಯನ್ನು ಆರಿಸಿದರು, 1996ರಲ್ಲಿ ಹೊಸ ಪದ್ಧತಿಯ ಮೊದಲ ಚುನಾವಣೆ ನಡೆಯಿತು, ಸದನದಲ್ಲಿ ಹೆಂಗಸರ ಮತ್ತು ಮೂಲನಿವಾಸಿ ಮಾವೊರಿಗಳ ಪ್ರಮಾಣ ಏರಿತು.

ಇಂಥ ಬದಲಾವಣೆ ಬೇರೆಡೆ ಏಕಾಗಲಿಲ್ಲ ಎಂಬುದಕ್ಕೆ ಉತ್ತರ ದೂರ ಹುಡುಕಬೇಕಿಲ್ಲ. ನಿಯಮ ಬದಲಿಸುವ ಅಧಿಕಾರ ಇರುವುದು ಆ ನಿಯಮದಿಂದಲೇ ಗೆದ್ದವರ ಕೈಯಲ್ಲಿ. ಬ್ರಿಟನ್ನಿನ ಲೇಬರ್ ಪಕ್ಷ 1997ರಲ್ಲಿ ಮತಪದ್ಧತಿಯ ಬಗ್ಗೆ ಜನಮತಗಣನೆ ನಡೆಸುವುದಾಗಿ ಹೇಳಿ, ಶೇ 43ರಷ್ಟು ಮತಕ್ಕೆ 418 ಸ್ಥಾನ ಬಂದ ಮೇಲೆ ಆ ಮಾತನ್ನು ಮರೆತಿತು. ಕೆನಡಾದ ಜಸ್ಟಿನ್ ಟ್ರುಡೊ 2015ರ ಚುನಾವಣೆಯೇ ಹಳೆಯ ಪದ್ಧತಿಯ ಕೊನೆಯದೆಂದು ಭರವಸೆಯಿತ್ತು, ಶೇ 40ಕ್ಕೂ ಕಡಿಮೆ ಮತದಿಂದ ಬಹುಮತ ಪಡೆದು, 2017ರಲ್ಲಿ ಅದನ್ನು ಕೈಬಿಟ್ಟರು. ಇಬ್ಬರೂ ಪ್ರಗತಿಪರರೆನಿಸಿಕೊಂಡವರೇ. ಭಾರತದ ಕಾನೂನು ಆಯೋಗ 1999ರ ತನ್ನ 170ನೆಯ ವರದಿಯಲ್ಲಿ ಈಗಿನ ಕ್ಷೇತ್ರಗಳ ಜೊತೆಗೆ ಕೆಲವು ಹೆಚ್ಚುವರಿ ಸ್ಥಾನಗಳನ್ನು ಪಕ್ಷಗಳ ಮತದ ಪ್ರಮಾಣಕ್ಕೆ ಅನುಸಾರವಾಗಿ ತುಂಬುವ ಸಲಹೆ ಕೊಟ್ಟಿತ್ತು. ಅದರ ಮೇಲೆ ಗಂಭೀರವಾದ ಚರ್ಚೆಯೇ ಆಗಲಿಲ್ಲ. ಪ್ರಮಾಣಾನುಗುಣ ಪದ್ಧತಿಗೂ ದೋಷಗಳಿವೆ: ಪಟ್ಟಿಯಲ್ಲಿ ಯಾರ ಹೆಸರು ಮೇಲಿರಬೇಕೆಂಬುದನ್ನು ಪಕ್ಷದ ಹೈಕಮಾಂಡು ನಿರ್ಧರಿಸುತ್ತದೆ, ಸಣ್ಣ ಪಕ್ಷ ದೊಡ್ಡದನ್ನು ಕುಣಿಸಬಹುದು, ಕಷ್ಟಕಾಲಕ್ಕೆ ಹೋಗಿ ಬಾಗಿಲು ತಟ್ಟಲು ಸ್ವಂತ ಕ್ಷೇತ್ರದ ಶಾಸಕರೊಬ್ಬರು ಇರಲೇಬೇಕೆಂಬ ಹಳ್ಳಿಯವರ ನಿರೀಕ್ಷೆಗೆ ಶುದ್ಧ ಪಟ್ಟಿಯ ಪದ್ಧತಿ ಹೊಂದುವುದಿಲ್ಲ. ಇವನ್ನೆಲ್ಲ ತೂಗಿನೋಡಿ ಬೇಡವೆನ್ನುವುದು ಬೇರೆ, ಮಾತೇ ಎತ್ತದಿರುವುದು ಬೇರೆ.

ತೂಕದ ಇನ್ನೊಂದು ಮುಖ ಕ್ಷೇತ್ರ ಪುನರ್ವಿಂಗಡಣೆ, ಎಂದರೆ ಜನಗಣತಿಗೆ ತಕ್ಕಂತೆ ಸ್ಥಾನಗಳನ್ನು ರಾಜ್ಯಗಳಿಗೆ ಹಂಚಿ ಗಡಿಗಳನ್ನು ಮತ್ತೆ ಎಳೆಯುವ ಕೆಲಸ. ಲೋಕಸಭೆಯಲ್ಲಿ ರಾಜ್ಯಗಳ ಪಾಲನ್ನು 1976ರ 42ನೆಯ ತಿದ್ದುಪಡಿ 1971ರ ಜನಗಣತಿಗೆ ಕಟ್ಟಿಹಾಕಿತು, 2001ರ 84ನೆಯ ತಿದ್ದುಪಡಿ ಆ ಕಟ್ಟನ್ನು 2026ರ ಅನಂತರದ ಮೊದಲ ಜನಗಣತಿಯವರೆಗೆ ಮುಂದುವರಿಸಿತು. ಕರ್ನಾಟಕಕ್ಕಿರುವ 28 ಸ್ಥಾನಗಳು ಈ ಹಳೆಯ ಲೆಕ್ಕದವು. ಒಬ್ಬರಿಗೊಂದು ಮತ, ಎಲ್ಲ ಮತಕ್ಕೂ ಒಂದೇ ಮೌಲ್ಯ ಎಂಬ ತತ್ತ್ವವನ್ನು ನೇರವಾಗಿ ಅನ್ವಯಿಸಿದರೆ ಜನಸಂಖ್ಯೆ ಬೆಳೆದ ಉತ್ತರದ ರಾಜ್ಯಗಳಿಗೆ ಹೆಚ್ಚು ಪಾಲು ಸಲ್ಲಬೇಕು, ಒಕ್ಕೂಟದ ತತ್ತ್ವವನ್ನು ಮುಂದಿಟ್ಟರೆ ಆರೋಗ್ಯ ಮತ್ತು ಶಿಕ್ಷಣದಲ್ಲಿ ಮುಂದೆ ಬಂದು ಜನನ ಪ್ರಮಾಣ ತಗ್ಗಿಸಿಕೊಂಡ ದಕ್ಷಿಣಕ್ಕೆ ಅದೇ ಕಾರಣದಿಂದ ನಷ್ಟವಾಗಕೂಡದು. ಪ್ರಗತಿಪರ ವಿಚಾರದೊಳಗಿನ ಎರಡು ಮೌಲ್ಯಗಳೇ ಇಲ್ಲಿ ಎದುರುಬದುರಾಗಿವೆ, ಘೋಷಣೆಗಳಿಂದ ಬಗೆಹರಿಯುವ ಪ್ರಶ್ನೆ ಇದಲ್ಲ.

ಹಣದ ವಿಚಾರದಲ್ಲಿ ಕಾನೂನಿನ ಇತಿಹಾಸ ಸ್ವಲ್ಪ ನಗೆ ತರಿಸುವಂಥದು. ವಿಧಾನಸಭೆಯ ಅಭ್ಯರ್ಥಿ ದೊಡ್ಡ ರಾಜ್ಯಗಳಲ್ಲಿ 40 ಲಕ್ಷ, ಲೋಕಸಭೆಯ ಅಭ್ಯರ್ಥಿ 95 ಲಕ್ಷ ರೂಪಾಯಿಗಿಂತ ಹೆಚ್ಚು ಖರ್ಚು ಮಾಡಬಾರದೆಂದು 2022ರಿಂದ ಮಿತಿಯಿದೆ. ಪಕ್ಷ ಮಾಡುವ ಖರ್ಚಿಗೆ ಮಿತಿಯೇ ಇಲ್ಲ. ಪಕ್ಷ ಅಭ್ಯರ್ಥಿಗಾಗಿ ಮಾಡಿದ ಖರ್ಚನ್ನೂ ಅವನ ಲೆಕ್ಕಕ್ಕೆ ಸೇರಿಸಬೇಕೆಂದು ಸರ್ವೋಚ್ಚ ನ್ಯಾಯಾಲಯ 1974ರಲ್ಲಿ ಕನ್ವರ್ ಲಾಲ್ ಗುಪ್ತ ಪ್ರಕರಣದಲ್ಲಿ ಹೇಳಿದ ಕೂಡಲೇ, ಅದೇ ವರ್ಷ, ಅದು ಸೇರದಂತೆ ಕಾಯಿದೆಗೆ ವಿವರಣೆ ಜೋಡಿಸಲಾಯಿತು. 1969ರಲ್ಲಿ ನಿಷೇಧಗೊಂಡ ಕಂಪನಿಗಳ ದೇಣಿಗೆ 1985ರಲ್ಲಿ ಮತ್ತೆ ಸಕ್ರಮವಾಯಿತು. 2017ರಲ್ಲಿ ಲಾಭದ ಶೇ 7.5 ಎಂಬ ಮಿತಿಯೂ ಹೋಯಿತು. 2018ರಲ್ಲಿ ಬಂದ ಚುನಾವಣಾ ಬಾಂಡ್, ಎಂದರೆ ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ಕೊಂಡು ಪಕ್ಷಕ್ಕೆ ಕೊಡಬಹುದಾದ, ಕೊಟ್ಟವರ ಹೆಸರು ಜನರಿಗೆ ತಿಳಿಯದ ಪತ್ರ, ದೇಣಿಗೆಗೆ ಪರದೆ ಎಳೆಯಿತು. ಮತದಾರರ ತಿಳಿಯುವ ಹಕ್ಕಿಗೆ ಇದು ವಿರುದ್ಧವೆಂದು ಐವರು ನ್ಯಾಯಮೂರ್ತಿಗಳ ಪೀಠ 2024ರ ಫೆಬ್ರವರಿ 15ರಂದು ಇಡೀ ಯೋಜನೆಯನ್ನು ರದ್ದುಪಡಿಸಿತು. ಅಮೆರಿಕದ ನ್ಯಾಯಾಲಯ 2010ರ ಸಿಟಿಜನ್ಸ್ ಯುನೈಟೆಡ್ ತೀರ್ಪಿನಲ್ಲಿ ಕಂಪನಿಗಳ ಸ್ವತಂತ್ರ ಚುನಾವಣಾ ವೆಚ್ಚವನ್ನು ವಾಕ್ ಸ್ವಾತಂತ್ರ್ಯದ ಹೆಸರಿನಲ್ಲಿ ರಕ್ಷಿಸಿದ್ದನ್ನು ಇದರ ಪಕ್ಕದಲ್ಲಿಟ್ಟರೆ, ಒಂದೇ ವಾಕ್ ಸ್ವಾತಂತ್ರ್ಯ ಅಲ್ಲಿ ಕೊಡುವವರ ಹಕ್ಕಾಯಿತು, ಇಲ್ಲಿ ತಿಳಿಯುವವರ ಹಕ್ಕಾಯಿತು ಎಂಬುದು ಕಾಣುತ್ತದೆ.

ನಿರ್ಬಂಧಕ್ಕಿಂತ ಹಂಚಿಕೆಯೇ ಮೇಲೆಂಬ ವಾದವೂ ಉಂಟು. ಅಮೆರಿಕದ ಸಿಯಾಟಲ್ ನಗರದ ಮತದಾರರು 2015ರಲ್ಲಿ ಒಪ್ಪಿದ ಯೋಜನೆಯಲ್ಲಿ ನಗರಸಭೆಯೇ ಪ್ರತಿ ಮತದಾರರಿಗೂ ತಲಾ 25 ಡಾಲರುಗಳ ನಾಲ್ಕು ಚೀಟಿ ಕಳಿಸುತ್ತದೆ, ಅವರು ಅದನ್ನು ತಮಗೆ ಮೆಚ್ಚಿಕೆಯಾದ ಅಭ್ಯರ್ಥಿಗೆ ದೇಣಿಗೆಯಾಗಿ ಕೊಡಬಹುದು, ಚೀಟಿ ಸ್ವೀಕರಿಸುವ ಅಭ್ಯರ್ಥಿ ಖರ್ಚಿನ ಮಿತಿಗೆ ಒಪ್ಪಬೇಕು. ಮನೆಬಾಡಿಗೆಗೇ ಪರದಾಡುವವರೂ ಹೀಗೆ ದೇಣಿಗೆದಾರರಾಗುತ್ತಾರೆ. ಶಾಂತವೇರಿ ಗೋಪಾಲಗೌಡರ ಚುನಾವಣೆಗಳ ನೆನಪಿನೊಡನೆ ಕರ್ನಾಟಕದಲ್ಲಿ ಉಳಿದುಬಂದಿರುವ ‘ಒಂದು ವೋಟು, ಒಂದು ನೋಟು’ ಎಂಬ ಸಮಾಜವಾದಿಗಳ ಮಾತಿಗೂ ಇದೇ ಒಳದನಿ ಇತ್ತು. ಅಲ್ಲಿ ನೋಟು ಮತದಾರನ ಜೇಬಿನಿಂದ ಅಭ್ಯರ್ಥಿಯ ಕಡೆಗೆ ಹೋಗಬೇಕಿತ್ತು. ಮುಂದಿನ ದಶಕಗಳಲ್ಲಿ ಅದು ಹರಿಯತೊಡಗಿದ ದಿಕ್ಕು ಬಲ್ಲವರಿಗೆ ಗೊತ್ತೇ ಇದೆ.

ಇಷ್ಟೆಲ್ಲ ನಿಯಮಗಳಿಗಿಂತ ಮೊದಲಿನದು ಚುನಾವಣೆ ಕಾಲಕ್ಕೆ ಸರಿಯಾಗಿ ನಡೆಯಬೇಕೆಂಬ ನಿಯಮ. ಅಬ್ದುಲ್ ನಜೀರ್ ಸಾಬ್ ಅವರು ಸಚಿವರಾಗಿದ್ದಾಗ ರೂಪುಗೊಂಡ 1983ರ ಕಾಯಿದೆಯಡಿ 1987ರಲ್ಲಿ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯಿತಿಗಳಿಗೆ ಚುನಾವಣೆ ನಡೆಸಿ, ಹೆಂಗಸರಿಗೆ ಶೇ 25ರಷ್ಟು ಸ್ಥಾನ ಮೀಸಲಿಟ್ಟು, ಸಂವಿಧಾನದ 73ನೆಯ ತಿದ್ದುಪಡಿಗಿಂತ ಮೊದಲೇ ದಾರಿ ತೋರಿದ ರಾಜ್ಯ ಕರ್ನಾಟಕ. ಸ್ಥಳೀಯ ಸಂಸ್ಥೆಯ ಐದು ವರ್ಷದ ಅವಧಿ ಮುಗಿಯುವ ಮುನ್ನವೇ ಮುಂದಿನ ಚುನಾವಣೆ ಪೂರ್ಣಗೊಳ್ಳಬೇಕೆಂದು ಸಂವಿಧಾನದ 243-ಇ ಮತ್ತು 243-ಯು ವಿಧಿಗಳು ಹೇಳುತ್ತವೆ, ಸರ್ವೋಚ್ಚ ನ್ಯಾಯಾಲಯ 2006ರಲ್ಲಿ ಕಿಶನ್ ಸಿಂಗ್ ತೋಮರ್ ಪ್ರಕರಣದಲ್ಲಿ ಇದು ಕಡ್ಡಾಯವೆಂದು ಸಾರಿದೆ. ಆದರೂ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಚುನಾಯಿತ ಸಭೆಯ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿದ ಮೇಲೆ 198 ವಾರ್ಡುಗಳು 243 ಆದವು, 243 ಇದ್ದದ್ದು 225ಕ್ಕೆ ಇಳಿಯಿತು, ಮೀಸಲಾತಿಯ ಪಟ್ಟಿಗಳು ನ್ಯಾಯಾಲಯದ ಮೆಟ್ಟಿಲೇರಿದವು, 2025ರಲ್ಲಿ ಪಾಲಿಕೆಯೇ ಐದು ನಗರಪಾಲಿಕೆಗಳಾಗಿ ಒಡೆಯಿತು. ಆ ಐದು ವರ್ಷಗಳೂ ಆಡಳಿತಾಧಿಕಾರಿಗಳ ಕೈಯಲ್ಲಿ ಕಳೆದವು. 2021ರಲ್ಲಿ ಅವಧಿ ಮುಗಿದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳಿಗೂ ವರ್ಷಾನುಗಟ್ಟಲೆ ಇದೇ ಸ್ಥಿತಿ ಒದಗಿತು. ಈ ಅವಧಿಯಲ್ಲಿ ರಾಜ್ಯವನ್ನು ಆಳಿದ ಎರಡು ಪಕ್ಷಗಳು ಉಳಿದೆಲ್ಲ ವಿಷಯಗಳಲ್ಲಿ ಪರಸ್ಪರ ಕಾದಾಡಿದವು, ಈ ಒಂದರಲ್ಲಿ ಮಾತ್ರ ಅವುಗಳ ನಡುವೆ ಹೇಳಿಕೊಳ್ಳುವಂಥ ಭಿನ್ನಾಭಿಪ್ರಾಯ ಕಂಡುಬರಲಿಲ್ಲ.